ಅಮ್ಮ ಆರಿಸಿದ ಪೆಟ್ಟಿಗೆ

ದಾರಿ ಮರೆಯುವ ಅಪ್ಪನ ಫೋನಿಗೆ ಮಗ ಒಂದು ಆ್ಯಪ್ ಹಾಕಿ, ಅವರು ಹೋದಲ್ಲೆಲ್ಲ ನಕ್ಷೆಯಲ್ಲಿ ಬೀಳುವ ಚುಕ್ಕೆಗಳು ಮನೆಯಲ್ಲಿಟ್ಟ ಸ್ಟೋರೇಜ್ ಸರ್ವರ್ ಪೆಟ್ಟಿಗೆಗೇ ಬರುವಂತೆ ಮಾಡಿದ್ದ. ಇವತ್ತು ಅಮ್ಮ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಓಡಿಬಂದ ಮಗನ ಫೋನಿನ ನಕ್ಷೆಯಲ್ಲಿ ಮಾತ್ರ ಚುಕ್ಕೆ ಮನೆ ಬಿಟ್ಟು ಕದಲಿರಲಿಲ್ಲ.

“ಅಮ್ಮಾ, ಈ ಪೆಟ್ಟಿಗೆ ಆರಿಸಿದ್ಯಾ?”

“ಹೊರಗೆ ಹೋಗುವಾಗ ಎಲ್ಲ ಸ್ವಿಚ್ಚೂ ಆರಿಸ್ತೀನಲ್ಲೋ. ಅದೂ ಸುಮ್ನೆ ಗುಂಯ್ ಅಂತಿತ್ತು.”

ಅವನು ಸ್ವಿಚ್ ಹಾಕಿದ. ಫೋನು ಅಷ್ಟು ಹೊತ್ತು ಕೂಡಿಟ್ಟುಕೊಂಡಿದ್ದ ಚುಕ್ಕೆಗಳು ಒಂದೊಂದಾಗಿ ಬಂದವು. ಮಾರುಕಟ್ಟೆ, ಶಾಲೆ, ಆಸ್ಪತ್ರೆ.

ಅಮ್ಮ ನಕ್ಷೆಯ ಮೇಲೆ ಬೆರಳಿಟ್ಟಳು. “ಇವರು ಬಸ್ ಓಡಿಸ್ತಿದ್ದ ರೂಟು ಕಣೋ ಇದು. ಇನ್ನು ಡಿಪೋ ಒಂದೇ ಬಾಕಿ.”

“ಡಿಪೋ ಕೆಡವಿ ಹೆದ್ದಾರಿ ಮಾಡಿದಾರಲ್ಲಮ್ಮ.”

“ಅದು ಅವರಿಗೆಲ್ಲಿ ನೆನಪಿರುತ್ತೆ?”

ಅಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು. ಈ ಸಲ ಒಂದು ಸ್ವಿಚ್ಚನ್ನೂ ಮುಟ್ಟದೆ ಹೊರಟಳು.