ಅರ್ಜಿಯಲ್ಲಿ ಸತ್ತ ಮಗ

ಪೆಟ್ಟಿಗೆಯ ಕೊಂಡಿ ಸುಲಭಕ್ಕೆ ಬಿಡಲಿಲ್ಲ. ಮಕ್ಸೂದ ತನ್ನ ಕಲಾಯಿ ಒಲೆಯ ಇಕ್ಕಳ ತಂದು, ಮೊಣಕಾಲೂರಿ ಎರಡು ಸಲ ತಿರುವಿದ ಮೇಲೆ ಕಟ್ ಎಂದು ತೆರೆಯಿತು. ಅಂಗಳದಿಂದ ಜಹೀರೋದ್ದೀನ ಮೌಲಾನಾ ಕೂಗಿದರು.

"ಮಕ್ಸೂದ್, ಕಫನ್ ಸಿಕ್ತೇನಪಾ? ನೀರು ಕಾದಾವ. ಬಿಸಲ ಏರ್ಲಿಕತ್ತದ, ತಡಾ ಮಾಡಬ್ಯಾಡ."

"ತರ್ತೇನ್ರಿ."

ಅವನ ತಂದೆ ಬದ್ರೋದ್ದೀನ ಸಾಹೇಬರು ಆ ದಿನ ಬೆಳಗಿನ ನಮಾಜಿಗೆ ಎದ್ದು, ಕೈಕಾಲು ತೊಳೆಯಲೆಂದು ತಂಬಿಗೆ ಹಿಡಿದು ಕುಳಿತವರು ಕುಳಿತಲ್ಲೇ ಗೋಡೆಗೆ ಒರಗಿದ್ದರು. ಸತ್ತರೆ ಹೊದಿಸುವ ಬಟ್ಟೆ ಪೆಟ್ಟಿಗೆಯಲ್ಲಿದೆ ಎಂದು ವರ್ಷದ ಹಿಂದೆಯೇ ಹೇಳಿಟ್ಟಿದ್ದರು. ಎಲ್ಲವನ್ನೂ ಮುಂಚೆಯೇ ಹೇಳಿಡುವ ಮನುಷ್ಯ ಅವರು. ನಿಜಾಮರ ಕಾಲದಲ್ಲಿ ಔರಾದ ತಹಶೀಲಿನ ಪೇಷಕಾರರಾಗಿ, ಸಾಹೇಬರ ಮುಂದೆ ಕಾಗದಪತ್ರ ಇಡುತ್ತ ಇಪ್ಪತ್ತೆರಡು ವರ್ಷ ತೆಗೆದಿದ್ದರು. ಯಾವ ಕಾಗದ ಬರೆದರೂ ಅದರ ನಕಲೊಂದನ್ನು ತೆಗೆದಿಡದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಹೆಂಡತಿಯ ಅಣ್ಣನಿಗೆ ಈದ್ ಹಬ್ಬದ ಶುಭಾಶಯ ಬರೆದರೆ ಅದಕ್ಕೂ ನಕಲು! ಮನೆಯವರೆಲ್ಲ ನಗುತ್ತಿದ್ದರು, ಅವರೊಬ್ಬರು ನಗುತ್ತಿರಲಿಲ್ಲ.

ಮಕ್ಸೂದ ಬಿಳಿ ಬಟ್ಟೆ ಎತ್ತಿದಾಗ ಕೆಳಗೊಂದು ಲಕೋಟೆ ಕಂಡಿತು. ಕರಾಚಿಯಲ್ಲಿರುವ ಅಣ್ಣ ರಶೀದ ಅಹ್ಮದನದು. ಅದನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಆದರೆ ಲಕೋಟೆಯೊಳಗಿಂದ ಇಣುಕುತ್ತಿದ್ದ ಇನ್ನೊಂದು ಹಾಳೆಯಲ್ಲಿ ಅಪ್ಪನ ಚೆಂದದ ಉರ್ದು ಅಕ್ಷರದಲ್ಲಿ ತನ್ನ ಹೆಸರಿತ್ತು.

'ಹಿರಿಯ ಮಗ ರಶೀದ ಅಹ್ಮದನ ವಿನಾ ನಮಗೆ ಬೇರೆ ಆಸರೆಯಿಲ್ಲ. ಎರಡನೆಯ ಮಗ ಮಕ್ಸೂದ ಅಹ್ಮದನು ಸನ್ 1948ರ ಸಪ್ಟೆಂಬರಿನಲ್ಲಿ ಭಾಲ್ಕಿಯ ಗಲಭೆಯಲ್ಲಿ ತೀರಿಕೊಂಡನು. ಆದ್ದರಿಂದ ಮುದುಕರಾದ ನಮ್ಮಿಬ್ಬರಿಗೂ ಮಗನ ಬಳಿ ಹೋಗಿ ನೆಲೆಸಲು ಪರ್ಮಿಟ್ ದಯಪಾಲಿಸಬೇಕು.'

ಕೆಳಗೆ ಅಪ್ಪನ ಸಹಿ. ಪಕ್ಕದಲ್ಲಿ ಅಮ್ಮಿಯ ಹೆಬ್ಬೆಟ್ಟು. ಸಾಕ್ಷಿ, ಹಾವಗೆಪ್ಪ, ಭಾಲ್ಕಿ. ತಾರೀಖು ಆ ವರ್ಷದ್ದೇ, 1952ರ ಜನವರಿಯದು, ಅಂದರೆ ಬರೆದು ಮೂರು ತಿಂಗಳು. ಎಲ್ಲಕ್ಕಿಂತ ಕೆಳಗೆ, ರೂಢಿ ತಪ್ಪದಂತೆ, 'ನಕಲು ಅಸಲಿಗೆ ಸರಿಯಾಗಿದೆ' ಎಂದು ಬರೆದು ಗೀಟು ಎಳೆದಿದ್ದರು.

ಅಣ್ಣನ ಕಾಗದವನ್ನೂ ಮಕ್ಸೂದ ಓದಿದ. ಊರಲ್ಲೇ ದುಡಿಯುವ ಇನ್ನೊಬ್ಬ ಮಗನಿದ್ದರೆ ಅರ್ಜಿ ಮುಂದೆ ಸರಿಯುವುದಿಲ್ಲ ಎಂದು ಪರ್ಮಿಟ್ ಕಚೇರಿಯ ಗುಮಾಸ್ತನೊಬ್ಬ ಹೇಳಿದನಂತೆ. 'ಮಕ್ಸೂದನ ಸಂಗತಿಯನ್ನು ಹೇಗೆ ಬರೆಯಬೇಕೆಂದು ನಿಮಗೆ ನಾನು ಹೇಳಿಕೊಡಬೇಕೆ ಅಬ್ಬಾ' ಎಂದು ಮುಗಿಸಿದ್ದ.

ಜನವರಿಯಲ್ಲಿ ಅಪ್ಪನಿಗೆ ದಮ್ಮು ಜೋರಾಗಿತ್ತು. ಸಂತೆ ಸಂತೆ ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕಿ ಬಂದವನು ದಿನವೂ ಅಪ್ಪನ ಎದೆಗೆ ಎಣ್ಣೆ ತಿಕ್ಕುತ್ತಿದ್ದ. ಎಣ್ಣೆ ತಿಕ್ಕಿಸಿಕೊಂಡ ಮನುಷ್ಯ ಎದ್ದು ಕುಳಿತು ಇದನ್ನು ಬರೆದಿದ್ದ.

ಬಟ್ಟೆ ಹೊತ್ತು ಹೊರಬರುವಾಗ ಒಳಮನೆಯ ಹೆಂಗಸರ ನಡುವೆ ಕುಳಿತ ಅವನ ತಾಯಿ ಅಜೀಜಾ ಬೇಗಂ ಕಣ್ಣೆತ್ತಿ ಮಗನ ಮುಖ ನೋಡಿದಳು. ಎದ್ದು ಬಾಗಿಲ ಮರೆಗೆ ಬಂದಳು.

"ಬಟ್ಟಿ ತರಲಿಕ್ಕೆ ಹೋದಾಂವ, ಪೆಟಗಿ ತಳಕ್ಕ ಯಾಕ ಕೈ ಹಾಕಿದಿ?"

ಅವನು ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತು.

"ಗೊತ್ತಿತ್ತು ನಿನಗ."

"ಓದಿ ಹೇಳಿದ್ರು, ಕೇಳಿ ಒತ್ತಿದೆ. ಕೇಳದ ಒತ್ತಿದೆ ಅಂತ ನಿಮ್ಮ ಅಬ್ಬಾನ ಮೈಯತ್ತಿನ ಮುಂದ ಸುಳ್ಳ ಹೇಳಂಗಿಲ್ಲ." ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ರಶೀದನ ಮಾರಿ ನೋಡಿ ನಾಕ ವರ್ಷ ಆತು ಬೇಟಾ. ಅವನ ಕೂಸಿನ ಮಾರಿ ನೋಡೇ ಇಲ್ಲ."

"ಮತ್ತ ನನ್ನ ಮಾರಿ?"

"ನಿಂದು ದಿನಾ ಕಣ್ಣ ಮುಂದ ಇತ್ತಲ್ಲ."

ಅಂಗಳದಿಂದ ಮತ್ತೆ ಕೂಗು ಬಂತು. ಮಕ್ಸೂದ ಹೋದ. ಅಪ್ಪನ ಮೈಗೆ ನೀರು ಹಾಕಿದ. ಬಲಗೈಯ ನಡುಬೆರಳಿನ ಮಸಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹೋಗಲೆಂದು ಅವನೂ ಬಹಳ ತಿಕ್ಕಲಿಲ್ಲ.

*

ನಾಲ್ಕು ವರ್ಷದ ಹಿಂದೆ, ಭಾರತ ಸರ್ಕಾರದ ಫೌಜು ಬಂದು ನಿಜಾಮರ ಆಳಿಕೆ ಬಿದ್ದ ವಾರ, ಮಕ್ಸೂದ ಭಾಲ್ಕಿಯಲ್ಲಿದ್ದ. ಹದಿನಾರರ ಹುಡುಗ, ಮೆಟ್ರಿಕ್ ಓದಲು ಬಾಡಿಗೆ ಕೋಣೆ ಹಿಡಿದಿದ್ದ. ಊರಲ್ಲಿ ಹೊಗೆ ಎದ್ದಾಗ ಅವನು ಓಡಿಹೋದದ್ದು ಅಪ್ಪನ ಸಾಲಿಗೆಳೆಯ ಹಾವಗೆಪ್ಪನವರ ಮನೆಗೆ.

ಹಾವಗೆಪ್ಪನವರ ಹೆಂಡತಿ ಕಸ್ತೂರಿಬಾಯಿ ಅವನನ್ನು ಒಳಗೆಳೆದುಕೊಂಡು ಹಣೆಗೆ ಮೂರು ಬೆರಳಲ್ಲಿ ವಿಭೂತಿ ಬಳಿದಳು. ತನ್ನ ಗಂಡನ ಧೋತರ ಉಡಿಸಿ ಪೂಜೆಯ ಕೋಣೆಯಲ್ಲಿ ಕೂಡಿಸಿದಳು. ಬಾಗಿಲಿಗೆ ಹನ್ನೆರಡು ಜನ ಬಂದರು. ಅವರ ಕೈಯಲ್ಲಿ ಏನೇನಿತ್ತು ಎಂಬುದನ್ನು ಮಕ್ಸೂದ ಕಿಟಕಿಯ ಸಂದಿಯಲ್ಲಿ ನೋಡಿದ್ದ.

"ಅಕ್ಕನ ಮಗ ಅದಾನ, ಮೆಹಕರದಾಂವ. ಶಿವರಾಜ ಅಂತ ಹೆಸರು," ಎಂದು ಹಾವಗೆಪ್ಪ ಹೊಸ್ತಿಲಿಗೆ ಅಡ್ಡ ನಿಂತರು. "ಪೂಜಿಗಿ ಕುಂತಾನ. ಒಳಗ ಬರೂದಿದ್ರ ಚಪ್ಪಲ ಬಿಟ್ಟು ಬರ್ರಿ."

ಬಂದವರು ಚಪ್ಪಲಿ ಬಿಡಲಿಲ್ಲ, ಒಳಗೂ ಬರಲಿಲ್ಲ.

ಒಂಬತ್ತನೆಯ ದಿನ ಬದ್ರೋದ್ದೀನ ಸಾಹೇಬರು ಔರಾದಿನಿಂದ ಹೊಲದ ದಾರಿ ಹಿಡಿದು, ಕಾಲಲ್ಲಿ ಬೊಬ್ಬೆ ಎದ್ದು ಬಂದರು. ಧೋತರದ ಹುಡುಗನನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಆಮೇಲೆ ಹಿಡಿದು ಅಪ್ಪಿಕೊಂಡು, ಮಗನ ಹಣೆಯ ವಿಭೂತಿ ತಮ್ಮ ಗಡ್ಡಕ್ಕೆಲ್ಲ ಹತ್ತುವಂತೆ ಅತ್ತರು. ಅಷ್ಟು ಅತ್ತ ಅಪ್ಪನನ್ನು ಮಕ್ಸೂದ ಹಿಂದೆಂದೂ ಕಂಡಿರಲಿಲ್ಲ, ಮುಂದೂ ಕಾಣಲಿಲ್ಲ.

*

ಸಾವಿನ ತಂತಿ ಸಿಕ್ಕಿ ಹೊರಟ ಹಾವಗೆಪ್ಪ, ಭಾಲ್ಕಿಯ ರೈಲು ಬಂದು ಅರ್ಧ ತಾಸಿಗೆ ಬೀದರಿನಲ್ಲಿ ಮಕ್ಸೂದನ ಮನೆಯ ಓಣಿಗೆ ಬಂದರು. ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಹೆಣದ ಕಾಲ ಬಳಿ ಸ್ವಲ್ಪ ಹೊತ್ತು ಕುಳಿತರು. ಎದ್ದು ಮಕ್ಸೂದನ ಭುಜದ ಮೇಲೆ ಕೈಯಿಟ್ಟರು. ಮಕ್ಸೂದ ಆ ಕೈಯನ್ನು ಮೆಲ್ಲಗೆ ತೆಗೆದು ಅದರಲ್ಲಿ ನಕಲಿನ ಹಾಳೆ ಇಟ್ಟ.

ಹಾವಗೆಪ್ಪ ಉರ್ದು ಸಾಲಿಯಲ್ಲೇ ಕಲಿತವರು. ಒಂದು ಸಾಲು ಓದುವಷ್ಟರಲ್ಲಿ ಅವರ ಮುಖದ ನೀರಿಳಿಯಿತು.

"ನಕಲ ತಗದಿಟ್ಟಾನ," ಅಂದರು. "ಈ ಕಾಗದಕ್ಕ ಸುದ್ದಾ ನಕಲ ತಗದಿಟ್ಟಾನಲ್ಲೋ, ಹುಚ್ಚ ನನ್ನ ಮಗಾ!"

"ಒಂಬತ್ತ ದಿನಾ ನನ್ನ ಕಾದವರು ನೀವೇ ಅಲ್ರಿ ಕಾಕಾ? ಯಾಕ ಸಹಿ ಮಾಡಿದ್ರಿ?"

"ಅವತ್ತ ಒಂದ ಸುಳ್ಳ ಹೇಳಿ ನಿನ್ನ ಉಳಿಸಿದೆ. ಇನ್ನೊಂದ ಸುಳ್ಳಿಲೇ ನಿಮ್ಮಪ್ಪ ಉಳೀತಾನ ಅಂದ್ಕೊಂಡೆ ತಮ್ಮಾ. ಮನಿಗಿ ಬಂದು ಕೈ ಹಿಡದು ಅತ್ತ. ಔರಾದದಾಗ ಕುರ್ಚಿ ಮ್ಯಾಲ ಕುಂತಾಂವ, ಇಲ್ಲಿ ಕಚೇರಿ ಹೊರಗ ಗೋಣಿತಟ್ಟ ಹಾಸಿ ಅರ್ಜಿ ಬರ್ಕೋತ ಕುಂತಾನ. ರಶೀದನ ಮನ್ಯಾಗ ನನಗೊಂದು ಕುರ್ಚಿ ಅದ ಹಾವಗ್ಯಾ, ಅಂದ."

"ಮತ್ತ ನಂದು ಏನ್ ಮಾಡೂದಿತ್ತು? ಕೇಳಲಿಲ್ಲೇನ್ರಿ?"

"ಕೇಳಿದೆ. ಹೋದ ಮ್ಯಾಲ ಅವನ್ನ ಭಿ ಕರಸ್ಕೋತೇನಿ ಅಂದ."

"ಸತ್ತವನ್ನ ಹ್ಯಾಂಗ ಕರಸ್ಕೋತಾರ್ರಿ ಕಾಕಾ?"

ಹಾವಗೆಪ್ಪ ಹಾಳೆಯನ್ನು ಮಡಚಿ ಅವನ ಕೈಗೆ ತಿರುಗಿ ಕೊಟ್ಟರು. ದನಿ ತಗ್ಗಿಸಿ, "ಒಂದ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ," ಅಂದರು. "ನಿಮ್ಮಮ್ಮನ ಅರ್ಜಿ ಇನ್ನಾ ನಡದದ. ಇವತ್ತ ಮುನಸಿಪಾಲಟಿ ಸಾವಿನ ಪುಸ್ತಕದಾಗ ಒಬ್ಬ ಮಗ ಇಲ್ಲೇ ಅದಾನ ಅಂತ ಬಂತಂದ್ರ, ಅಲ್ಲಿಗಿ ಮುಗೀತು. ಅಕಿ ಹೋಗೂದು ಆಗಂಗಿಲ್ಲ. ಕೂಸಿನ ಮಾರಿ ಅಕಿ ನೋಡಂಗಿಲ್ಲ."

"ಅಂದ್ರ ನಾ ಸತ್ತ ಹಾಂಗೇ ಇರಬೇಕಂತೀರಿ."

"ನಾ ಏನೂ ಅನ್ನಂಗಿಲ್ಲಪಾ. ಅನ್ನಲಿಕ್ಕೆ ನನಗ ಮಾರಿ ಎಲ್ಲದ?"

*

ನೌಕರಿ ಹೋದ ಮೇಲೆ ಬದ್ರೋದ್ದೀನ ಸಾಹೇಬರು ಔರಾದ ಬಿಟ್ಟು ಬೀದರಿಗೆ ಬಂದು ಕಚೇರಿಯ ಬೇವಿನ ಮರದ ಕೆಳಗೆ ಅರ್ಜಿ ಬರೆಯಲು ಕುಳಿತರು. ಆ ಮೊದಲ ವರ್ಷ ಬಂದವರಲ್ಲಿ ಹೆಂಗಸರೇ ಹೆಚ್ಚು. ಗಂಡ ಕಾಣೆಯಾದವರು, ಮಗ ಕಾಣೆಯಾದವರು. 'ಸನ್ 1948ರ ಸಪ್ಟೆಂಬರಿನಲ್ಲಿ ಗಲಭೆಯಲ್ಲಿ ತೀರಿಕೊಂಡನು' ಎಂಬ ಸಾಲನ್ನು ಸಾಹೇಬರು ಎಷ್ಟು ಸಲ ಬರೆದಿದ್ದರೋ! ತನ್ನ ಮಗ ಉಳಿದನಲ್ಲ ಎಂದು ಮನೆಗೆ ಬಂದು ಅಲ್ಲಾಹುವಿಗೆ ಶುಕ್ರಿಯಾ ಹೇಳುತ್ತಿದ್ದರು. ಅದೇ ಸಾಲು ಲೇಖಣಿಯ ತುದಿಯಲ್ಲಿ ರೂಢಿಯಾಗಿ ಕುಳಿತಿತ್ತೇನೋ. ಬೇಕಾದ ದಿನ ತಾನಾಗಿ ಇಳಿದು ಬಂತು.

ಮಕ್ಸೂದ ಸಾಲಿ ಬಿಟ್ಟ. ರಶೀದ ಆಗಲೇ ಕರಾಚಿ ಸೇರಿದ್ದ. ಮನೆಯ ಒಲೆ ಉರಿಯಬೇಕಿತ್ತು. ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಹೊಗೆ ಕುಡಿದು, ತವರ ಸವರಿ ಬೆಳ್ಳಗೆ ಮಾಡುವ ಕೆಲಸ ಕಲಿತ. ಒಮ್ಮೆ ಕಚೇರಿಯ ಮುಂದೆ ಚೀಲ ಹೊತ್ತು ಹೋಗುವಾಗ ಯಾರೋ ಅಪ್ಪನನ್ನು, "ಆ ಹುಡುಗ ನಿಮ್ಮಾಂವೇನ್ರಿ ಪೇಷಕಾರ ಸಾಹೇಬರ?" ಎಂದು ಕೇಳಿದರು. ಅಪ್ಪ ಮಸಿಕುಡಿಕೆಯ ಮುಚ್ಚಳ ಹುಡುಕತೊಡಗಿದರು. ಅಂದು ಮಕ್ಸೂದನಿಗೆ ಬೇಜಾರಾಗಿತ್ತು, ಸಿಟ್ಟು ಬಂದಿರಲಿಲ್ಲ. ದೊಡ್ಡ ನೌಕರಿ ಮಾಡಿದವರಿಗೆ ಹಾಗೆ ಆಗುತ್ತದೆ ಎಂದು ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ಆ ಸಮಾಧಾನವೆಲ್ಲ ಒಟ್ಟಿಗೆ ತಿರುಗಿ ಬಂದು ಎದೆಗೆ ಒದೆಯುತ್ತಿತ್ತು.

*

ಮಸೀದಿಯ ಅಂಗಳದಲ್ಲಿ ಜನ ಸಾಲು ಕಟ್ಟಿ ನಿಂತರು. ನಮಾಜಿಗೆ ಮೊದಲು ಸತ್ತವರ ಪರವಾಗಿ ಮನೆಯವನೊಬ್ಬ ಕ್ಷಮೆ ಕೇಳುವುದು ರೂಢಿ. ಜಹೀರೋದ್ದೀನ ಮೌಲಾನಾ ಹಿಂತಿರುಗಿ, "ಮೈಯತ್ತಿನ ವಾರಸುದಾರ ಮುಂದ ಬಾರಪಾ," ಅಂದರು.

ಮಕ್ಸೂದ ನಿಂತಲ್ಲೇ ನಿಂತ. ಪಕ್ಕದವರು ಮೆಲ್ಲಗೆ ದೂಡಿದರು. ದುಃಖದಲ್ಲಿ ಕಾಲು ಬರುತ್ತಿಲ್ಲ, ಪಾಪ, ಎಂದುಕೊಂಡರು. ಅವನು ಮುಂದೆ ಹೋದ.

"ನಮ್ಮ ಅಬ್ಬಾ ಯಾರಿಗಿ ಏನರ ಕೆಟ್ಟ ಮಾಡಿದ್ರ, ಯಾರದರ ಮನಸ ನೋಯಿಸಿದ್ರ, ಅಲ್ಲಾನ ವಾಸ್ತೆ ಮಾಫ್ ಮಾಡ್ರಿ."

"ಮಾಫ್ ಮಾಡಿದೆವು," ಎಂದು ಸಾಲುಗಳು ಅಂದವು. ಕಟ್ಟೆಯ ಕೆಳಗೆ ನಿಂತಿದ್ದ ಜನವಾಡದ ರೈತ ಪಂಢರಿ ಅಳುತ್ತಲೇ ಕೂಗಿದ. "ಅವರಿಗೇನ್ ಮಾಫ್ರೀ! ನನ್ನ ಹೊಲದ ಅರ್ಜಿ ಹನ್ನೊಂದ ಸಲ ಬರದು ಕೊಟ್ಟಾರ. ಒಂದ ಅಕ್ಷರ ಸುಳ್ಳ ಬರೀಲಿಲ್ಲ ದೇವರಂಥಾ ಮನುಷ್ಯಾ!"

ಅವನ ಹಿಂದೆ ನಿಂತಿದ್ದ ಹಾವಗೆಪ್ಪ ರುಮಾಲಿನಿಂದ ಬಾಯಿ ಮುಚ್ಚಿಕೊಂಡರು.

"ನೀ ಭಿ ಅನ್ನು ಬೇಟಾ," ಎಂದು ಮೌಲಾನಾ ಮೆತ್ತಗೆ ಹೇಳಿದರು. "ಮಗ ಮಾಫ್ ಮಾಡಿದ್ರ ಅಪ್ಪನ ಹಾದಿ ಹಗರ ಆಗ್ತದ."

ಮಕ್ಸೂದ ಬಿಳಿ ಬಟ್ಟೆಯತ್ತ ನೋಡಿದ. ಅಷ್ಟು ಜನರ ಮುಂದೆ ಅಪ್ಪನ ಮೇಲೆ ಕೂಗಾಡಬೇಕು ಅನಿಸಿತು, ಏಳಿ, ನನ್ನ ಮುಖ ನೋಡಿ ಹೇಳಿ ಎಂದು ಅಲುಗಾಡಿಸಬೇಕು ಅನಿಸಿತು.

"ನಮಾಜ್ ಸುರು ಮಾಡ್ರಿ ಮೌಲಾನಾ," ಎಂದ.

ಮಣ್ಣಾಯಿತು. ಜನ ಒಬ್ಬೊಬ್ಬರಾಗಿ ಕೈ ಹಿಡಿದು, ಸಮಾಧಾನ ಹೇಳಿ ಚದುರಿದರು. ಮೌಲಾನಾ ಕೂಡ ಹೊರಟುಹೋದರು. ಖಬರಸ್ತಾನದ ಗೇಟಿನ ಬಳಿ ಮುನಸಿಪಾಲಟಿಯ ಗುಮಾಸ್ತ ಮಚ್ಛೇಂದ್ರ ಸೈಕಲ್ಲು ನಿಲ್ಲಿಸಿ, ಅದರ ಸೀಟಿನ ಮೇಲೆ ಸಾವಿನ ದಾಖಲೆಯ ಪುಸ್ತಕ ಇಟ್ಟುಕೊಂಡು ಕಾಯುತ್ತಿದ್ದ. ಕಮಲನಗರದ ಕಡೆಯಿಂದ ಹೊಸದಾಗಿ ಬಂದವ, ಊರಿನವರ ಗುರುತು ಅವನಿಗೆ ಇನ್ನೂ ಇರಲಿಲ್ಲ. ಉಳಿದಿದ್ದವರು ಮಕ್ಸೂದ ಮತ್ತು ಹಾವಗೆಪ್ಪ ಇಬ್ಬರೇ.

"ತೀರಕೊಂಡವರ ಹೆಸರು?"

"ಬದ್ರೋದ್ದೀನ."

"ಉದ್ಯೋಗ?"

"ಪೇಷಕಾರ," ಎಂದ ಮಕ್ಸೂದ. ಅರ್ಜಿ ಬರೆಯುವವರು ಎನ್ನಲಿಲ್ಲ.

"ಹೇಣ್ತಿ?"

"ಅಜೀಜಾ ಬೇಗಂ. ಅದಾರ."

"ಮಕ್ಕಳು?"

ಹಾವಗೆಪ್ಪ ನೆಲ ನೋಡುತ್ತ ನಿಂತರು. ಮಕ್ಸೂದ ತನ್ನ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಗೋರಿಯ ಕೆಂಪು ಮಣ್ಣಿತ್ತು.

"ಒಬ್ಬನೇ ಮಗ ರೀ. ರಶೀದ ಅಹ್ಮದ. ಕರಾಚಿದಾಗ ಇರ್ತಾನ."

ಮಚ್ಛೇಂದ್ರ ಬರೆದುಕೊಂಡು ತಲೆ ಎತ್ತಿದ. "ನೀವ್ಯಾರಾಗಬೇಕ್ರಿ ಅವರಿಗಿ?"

"ನಾ ಅವರ ಮನ್ಯಾಗ ಇರ್ತಿದ್ದೆ ರೀ. ಕಲಾಯಿ ಮಾಡ್ತೇನಿ."

"ಆತು. ಗುರ್ತಿನವರದು ಒಂದ ಸಹಿ ಬೇಕು."

ಮಕ್ಸೂದ ಅವನ ಕೈಯಿಂದ ಲೇಖಣಿ ತೆಗೆದುಕೊಂಡು ಹಾವಗೆಪ್ಪನವರ ಬೆರಳುಗಳ ನಡುವೆ ಇಟ್ಟ.

"ಹಾಕ್ರಿ ಕಾಕಾ. ನಿಮ್ಮ ಸಹಿ ನಡೀತದ."

"ಬ್ಯಾಡೋ ತಮ್ಮಾ..."

"ಅಮ್ಮಿಗಿ ಕೂಸು ನೋಡೂದದ್ರಿ. ಹಾಕ್ರಿ."

ಮುದುಕರು ಪುಸ್ತಕದ ಮೇಲೆ ಬಾಗಿದರು. ಗಾಳಿಗೆ ಪುಸ್ತಕದ ಹಾಳೆ ಮೇಲೆದ್ದಿತು. ಮಚ್ಛೇಂದ್ರ ಸೈಕಲ್ಲಿನ ಹಿಡಿಕೆ ಬಿಗಿಹಿಡಿದು, "ಜಲ್ದಿ ಹಾಕ್ರಿ ಅಜ್ಜಾರ, ಇನ್ನೊಂದ ಕಡೆ ಹೋಗೂದದ," ಅಂದ. ಹಾಳೆ ಹಾರದಂತೆ ಮಕ್ಸೂದ ಅದರ ಎರಡೂ ಅಂಚನ್ನು ಮಣ್ಣುಗೈಯಲ್ಲಿ ಒತ್ತಿ ಹಿಡಿದು, ಸಹಿ ಮುಗಿಯುವವರೆಗೂ ಅಲುಗದೆ ನಿಂತ.