ಹಾಳೆ ಕಳ್ಳಿ

"ಮಗುವನ್ನು ಎತ್ತು, ಬೇವರ್ಸಿ! ಅದರ ಅಡಿಯಲ್ಲಿ ಉಂಟಲ್ಲ, ಅದು ನನ್ನ ತಟ್ಟೆ!"

ಪದ್ಮಯ್ಯ ಧಣಿಗಳ ಕಣ್ಣಿಗೆ ಅದು ಆಗಲೇ ತಟ್ಟೆ. ನಮ್ಮ ಕಣ್ಣಿಗೆ ಇನ್ನೂ ಹಾಳೆ. ಅಡಿಕೆ ಸೋಗೆಯ ಬುಡದಲ್ಲಿ ಮರವನ್ನು ತಬ್ಬಿಕೊಂಡಿದ್ದು, ಒಣಗಿದ ಮೇಲೆ ಸೋಗೆಯ ಜೊತೆ ದೊಪ್ಪನೆ ಬೀಳುವ ಅಗಲ ಹಾಳೆ. ಎರಡೂ ಅಂಚು ಒಳಗೆ ಮಡಚಿಕೊಂಡು ಪುಟ್ಟ ದೋಣಿಯ ಹಾಗೆ ಇರುತ್ತದೆ. ಆ ದೋಣಿಯೊಳಗೆ ಶೀಲಾವತಿಯ ಎಳೆಗೂಸು ಬಾಯಿಗೆ ಮುಷ್ಟಿ ತುರುಕಿಕೊಂಡು ನಿದ್ದೆ ಹೋಗಿತ್ತು.

ಅರಂತೋಡಿನಿಂದ ಒಳದಾರಿಯಲ್ಲಿ ಹೋದರೆ ಧಣಿಗಳ ಹಾಳೆ ತಟ್ಟೆ ಶೆಡ್ಡು ಸಿಗುತ್ತದೆ. ಅಲ್ಲಿ ನಾವು ಹಾಳೆ ತೊಳೆಯುತ್ತೇವೆ, ನೆನೆಸುತ್ತೇವೆ, ಕಾದ ಅಚ್ಚಿನೊಳಗಿಟ್ಟು ಒತ್ತುತ್ತೇವೆ. ಶೀಟಿನ ಮಾಡಿನ ಕೆಳಗೆ ಹಾಳೆಯ ಜೊತೆ ನಾವೂ ಬೇಯುತ್ತೇವೆ. ಶೆಡ್ಡಿಗೆ ಮಕ್ಕಳನ್ನು ತರಬಾರದು ಎಂಬುದು ಧಣಿಗಳ ಕಾನೂನು. ಹೆತ್ತದ್ದಕ್ಕೆಲ್ಲ ರಜೆ ಕೊಡಲಿಕ್ಕಿಲ್ಲ ಎಂಬುದೂ ಅವರದೇ ಕಾನೂನು. ಎರಡನ್ನೂ ಒಟ್ಟಿಗೆ ಪಾಲಿಸಲು ಆಗುವುದಿಲ್ಲವಾದ್ದರಿಂದ ನಾವು ಎರಡನೆಯದನ್ನು ಮಾತ್ರ ಪಾಲಿಸುತ್ತಿದ್ದೆವು.

"ಈಗಷ್ಟೇ ನಿದ್ದೆ ಬಂದದ್ದು ಧಣಿಗಳೇ. ಎದ್ದ ಮೇಲೆ ಕೊಡ್ತೇನೆ," ಎಂದಳು ಶೀಲಾವತಿ, ಮೆಷಿನಿನ ಹಿಡಿಯಿಂದ ಕೈ ತೆಗೆಯದೆ.

"ಕೊಡ್ತಾಳಂತೆ! ಗಂಡನ ಮನೆಯಿಂದ ಹೊತ್ತು ತಂದವಳ ಹಾಗೆ! ನಿನ್ನ ಮಗ ಮೂತ್ರ ಹೊಯ್ದ ಹಾಳೆಯಲ್ಲಿ ತಟ್ಟೆ ಮಾಡಿದ್ರೆ ಮದುವೆ ಮನೆಯಲ್ಲಿ ಯಾವ ಬೋಳಿಮಗ ಉಣ್ತಾನೆ?"

"ಹಾಗಾದ್ರೆ ನಿಮಗೆ ಇನ್ನು ಬೇಡ ಅಂತಾಯ್ತಲ್ಲ. ನಾನೇ ಇಟ್ಕೊಳ್ತೇನೆ."

ಪಕ್ಕದ ಮೆಷಿನಿನಲ್ಲಿದ್ದ ರಮ್ಲತ್‌ಗೆ ನಗು ತಡೆಯಲಾಗಲಿಲ್ಲ. ಅವಳ ನಗು ಸಣ್ಣದಲ್ಲ. ತೊಳೆಯುವ ಟ್ಯಾಂಕಿಯವರೆಗೂ ಹೋಗಿ ಅಲ್ಲಿದ್ದವರನ್ನೂ ಎಳೆದುಕೊಂಡು ಬಂತು. ಪದ್ಮಯ್ಯ ಧಣಿಗಳು ಬಗ್ಗಿದರು. ಹಾಳೆಯ ಒಂದು ತುದಿ ಹಿಡಿದು, ಕಸ ಚೆಲ್ಲುವ ಹಾಗೆ ಓರೆ ಮಾಡಿದರು. ಕೂಸು ಉರುಳಿ ಗೋಣಿಚೀಲದ ಮೇಲೆ ಕವುಚಿ ಬಿತ್ತು.

ನಗು ನಿಂತಿತು. ಮೆಷಿನುಗಳೂ ನಿಂತವು. ಶೀಲಾವತಿ ಓಡಿ ಬಂದು ಮಗುವನ್ನು ಬಾಚಿಕೊಂಡಳು. ಅದು ಒಮ್ಮೆ ಎಲ್ಲರ ಮುಖ ನೋಡಿ, ಆಮೇಲೆ ಶೆಡ್ಡು ಹಾರಿಹೋಗುವ ಹಾಗೆ ಬೊಬ್ಬೆ ಹಾಕಿತು.

"ಎಲ್ಲರ ಎದುರು ಹೇಳು, ನಾನು ಹಾಳೆ ಕಳ್ಳಿ ಅಂತ," ಎಂದರು ಧಣಿಗಳು. "ಹೇಳಿದ್ರೆ ಸೋಮವಾರ ಕೆಲಸಕ್ಕೆ ಬಾ. ಇಲ್ಲದಿದ್ರೆ ಸುಳ್ಯದಿಂದ ಪುತ್ತೂರಿನವರೆಗೆ ನಿನಗೆ ಯಾವ ಶೆಡ್ಡಿನ ಬಾಗಿಲೂ ತೆಗಿಲಿಕ್ಕಿಲ್ಲ. ನಾನು ಫೋನು ಮಾಡಿದ್ರೆ ಸಾಕು, ಗೊತ್ತುಂಟಲ್ಲ?"

ಗೊತ್ತಿತ್ತು. ರಬ್ಬರ್ ಮರ ಎಲೆ ಉದುರಿಸುವ ಕಾಲ ಅದು. ಹಾಲು ತೆಗೆಯುವ ಟ್ಯಾಪಿಂಗ್ ನಿಂತು ಅವಳ ಗಂಡ ಐತಪ್ಪ ಸಿಕ್ಕಿದ ಕೂಲಿ ಹುಡುಕುತ್ತಿದ್ದ. ಆ ಮನೆಯ ಒಲೆ ಉರಿಯುತ್ತಿದ್ದುದು ಶೀಲಾವತಿ ಒತ್ತಿದ ತಟ್ಟೆಗಳಿಂದ.

ಅವಳು ಮಗುವಿನ ಮೂಗಿಗಂಟಿದ ಗೋಣಿಯ ನಾರು ತೆಗೆದಳು. ಬಿದ್ದಿದ್ದ ಹಾಳೆಯನ್ನು ಕಾಲಿನಿಂದಲೇ ನೆಟ್ಟಗೆ ಮಾಡಿ, ಮಗುವನ್ನು ಅದರೊಳಗೆ ಮಲಗಿಸಿ, ಎರಡನ್ನೂ ಎದೆಗಪ್ಪಿಕೊಂಡು ಎದ್ದಳು.

"ನಂಗೆ ಮರೆವು ಜಾಸ್ತಿ ಧಣಿಗಳೇ. ಎಂತ ಹೇಳ್ಬೇಕು ಅಂತ ಸೋಮವಾರ ಒಮ್ಮೆ ನೆನಪು ಮಾಡಿ."

ಹಿತ್ತಿಲ ದಾರಿ ಹಿಡಿಯದೆ, ಧಣಿಗಳ ಅಂಗಳದ ನಟ್ಟನಡುವಿನಿಂದಲೇ ನಡೆದು ಹೋದಳು.

ಒಂದು ಹಾಳೆಗೆ ಇಷ್ಟು ರಂಪವೇ ಎಂದರೆ, ನಮ್ಮ ಕಾಲನಿಯಲ್ಲಿ ಮಗು ಬೆಳೆಯುವ ರೀತಿ ನೋಡಬೇಕು. ಹೊಸದೆಂಬುದು ಮಗು ಒಂದೇ, ಉಳಿದದ್ದೆಲ್ಲ ಹಳತು. ಐತಪ್ಪನ ಲುಂಗಿ ಹರಿದರೆ ಕೂಸಿನ ಅಡಿಬಟ್ಟೆ. "ಲುಂಗಿ ಹರಿಯುವವರೆಗೆ ಹೆರಿಗೆ ಮುಂದೆ ಹಾಕು ಮಾರಾಯ್ತಿ," ಎಂದು ರಮ್ಲತ್ ಶೀಲಾವತಿಗೆ ತಿಂಗಳು ತುಂಬಿದಾಗಲೇ ಚುಡಾಯಿಸಿದ್ದಳು. ಅತ್ತೆ ಚನಿಯಾರಜ್ಜಿಯ ಸೀರೆ ಮಾಡಿನ ಪಕ್ಕಾಸಿಗೆ ಕಟ್ಟಿದರೆ ತೊಟ್ಟಿಲು. ಅಂಗನವಾಡಿಯ ಪುಡಿ ದೊಡ್ಡ ಮಗಳು ಭವಿತಾಳಿಗೆ ಬೆಳಿಗ್ಗೆ ಉಂಡೆಯಾಗಿ ಸಿಕ್ಕರೆ ಸಂಜೆ ರೊಟ್ಟಿಯ ವೇಷದಲ್ಲಿ ಬರುತ್ತದೆ. ಅವಳು ಎರಡನ್ನೂ ಗುರುತು ಹಿಡಿದು ಅಳುತ್ತಾಳೆ. ರಾಗಿ ಅರೆದು, ಸೋಸಿ, ಆ ಹಾಲಿನಲ್ಲಿ ಮಣ್ಣಿ ಮಾಡಿ ಅವಳಿಗೆ ತಿನ್ನಿಸುತ್ತಾರೆ. ಬಟ್ಟೆಯಲ್ಲಿ ಉಳಿದ ಚರಟ ದೊಡ್ಡವರ ದೋಸೆಗೆ ಹೋಗುತ್ತದೆ. ಕೂಸಿಗೆ ಹಚ್ಚಿ ಅಂಗೈಯಲ್ಲಿ ಉಳಿದ ಎಣ್ಣೆ ಭವಿತಾಳ ತಲೆಗೆ. ಅವಳ ತಲೆಯಲ್ಲೂ ಮಿಕ್ಕಿದರೆ ಚನಿಯಾರಜ್ಜಿಯ ಮೊಣಕಾಲಿಗೆ.

ಹಾಳೆ ಅಂದರೆ ಕೂಸಿನ ಬಚ್ಚಲು. ಹುಟ್ಟಿದ ಮಗುವನ್ನು ಅದರಲ್ಲಿ ಮಲಗಿಸಿಯೇ ಮೀಯಿಸುವುದು. ಬೆನ್ನಿಗೆ ಕಲ್ಲು ಒತ್ತುವುದಿಲ್ಲ, ನೀರು ನಿಲ್ಲುವುದಿಲ್ಲ. ಮಗು ಬೆಳೆದು ಕಾಲು ಹೊರಗೆ ಬಂದಾಗ ಅದೇ ಹಾಳೆ ಎಳೆದಾಡುವ ಕಾರು. ಕಾರು ಸವೆದರೆ ಕಸದ ಮೊರ, ಮೊರ ಮುರಿದರೆ ಒಲೆಗೆ. ಬಿದ್ದ ಹಾಳೆ ಹೆಕ್ಕಿದವರದು ಎಂಬುದು ತೋಟ ಮಾಡಿದವರಿಗೂ ತೋಟದಲ್ಲಿ ದುಡಿದವರಿಗೂ ಗೊತ್ತಿದ್ದ ಸಂಗತಿ. ತಟ್ಟೆ ಮೆಷಿನು ಬಂದ ಮೇಲೆ ಆಕಾಶದಿಂದ ಬೀಳುವುದೂ ಧಣಿಗಳದೇ ಆಯಿತು.

"ಹಾಳೆ ಎಲ್ಲ ಯಾಕೆ? ಇನ್ಫೆಕ್ಷನ್ ಆಗ್ತದೆ. ಒಂದು ಒಳ್ಳೆ ಪ್ಲಾಸ್ಟಿಕ್ ಟಬ್ ತೆಗೊಳ್ಳಿ. ನೀವೆಲ್ಲ ಸ್ವಲ್ಪ ಉಳಿತಾಯ ಮಾಡ್ಲಿಕ್ಕೆ ಕಲಿಬೇಕು," ಎಂದು ಧಣಿಗಳ ಸೊಸೆ ದೀಪ್ತಿ ಅಕ್ಕ ಒಮ್ಮೆ ಶೆಡ್ಡಿಗೆ ಬಂದು ಬುದ್ಧಿ ಹೇಳಿದ್ದರು. ಹೇಳುವಾಗ ಅವರು ತಟ್ಟೆಯ ಕಟ್ಟುಗಳಿಗೆ ಚೀಟಿ ಅಂಟಿಸುತ್ತಿದ್ದರು. ಚೀಟಿಯಲ್ಲಿ ಹಸಿರು ಅಕ್ಷರದಲ್ಲಿ ಹೀಗಿತ್ತು: ಪ್ಲಾಸ್ಟಿಕ್ ಬಿಡಿ, ಪ್ರಕೃತಿ ಉಳಿಸಿ.

ಮರುದಿನ ಆದಿತ್ಯವಾರ. ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಳೆ, ಹಾಳೆಯ ಮೇಲೆ ಕೂಸು, ಕೂಸಿನ ಮೇಲೆ ಚನಿಯಾರಜ್ಜಿಯ ಎಣ್ಣೆ ಕೈ. ಕಾಲನಿಯ ಎಲ್ಲ ಕೂಸುಗಳ ಮೂಗು ನೆಟ್ಟಗೆ ಮಾಡಿದ್ದು ಆ ಕೈಯೇ. ರಮ್ಲತ್ ತನ್ನ ಎಳೆ ಮಗಳನ್ನು ಪಕ್ಕದ ಚಾಪೆಯಲ್ಲಿ ಬಿಟ್ಟು, ಒಲೆಗೆ ತೆಂಗಿನ ಒಣ ಮಡಲು ತುರುಕಿ ನೀರು ಕಾಯಿಸುತ್ತಿದ್ದಳು. ಶೀಲಾವತಿ ಭವಿತಾಳ ಬಾಯಿಗೆ ಮಣ್ಣಿ ಹಾಕುತ್ತಿದ್ದಳು. ನಾವು ಸುಮ್ಮನೆ ಮಾತಾಡಲು ಸೇರಿದ್ದೆವು.

ಒಬ್ಬ ಪೊಲೀಸಣ್ಣ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದ. ಹೆಸರು ಯಮನಪ್ಪ. ಬಾಗಲಕೋಟೆ ಕಡೆಯವನು, ಈ ಕಡೆಗೆ ವರ್ಗವಾಗಿ ವಾರವಾಗಿತ್ತಷ್ಟೆ.

"ಶೀಲಾವತಿ ಅಂದ್ರ ಯಾರ್ರೀ? ಪದ್ಮಯ್ಯನೋರ ಹಾಳಿ ಕಳುವು ಮಾಡೀರಂತಲ್ಲ. ಎಲ್ಲಿ ಇಟ್ಟೀರಿ?"

ನಾವು ಮುಖ ಮುಖ ನೋಡಿಕೊಂಡೆವು. ಹಾಳೆ ಅವನ ಬೂಟಿನ ಹತ್ತಿರವೇ ಇತ್ತು. ಕೂಸು ಆಗಷ್ಟೇ ಹೊಯ್ದದ್ದು ಅದರಿಂದ ಇಳಿದು ಬೂಟು ನೆನೆಯುತ್ತಿತ್ತು. ಅವನೋ ಮನೆಯ ಬಾಗಿಲಿನೊಳಗೆ ಇಣುಕುತ್ತಿದ್ದ.

"ಖಾಲಿ ಹಾಳಿನೋ, ಬರದ ಹಾಳಿನೋ?" ಎಂದು ಕೇಳಿದ.

ಆಗ ನಮಗೆ ಹೊಳೆಯಿತು. ಅಡಿಕೆಯಿಲ್ಲದ ಊರಿನಿಂದ ಬಂದ ಈ ಪುಣ್ಯಾತ್ಮನಿಗೆ ಹಾಳೆಯೆಂದರೆ ಕಾಗದ ಮಾತ್ರ.

"ನಿನ್ನೆ ಖಾಲಿ ಇತ್ತು ಸರ್," ಎಂದಳು ರಮ್ಲತ್, ಬಹಳ ಗಂಭೀರವಾಗಿ. "ಇವತ್ತು ಸ್ವಲ್ಪ ಬರೆದಾಗಿದೆ."

"ಸಹಿ ಮಾಡ್ಯಾರೇನು?"

"ಮಾಡಿದ್ದಾನೆ ಸರ್. ಈಗಷ್ಟೇ. ಹಳದಿ ಶಾಯಿ."

"ಹಳದಿ ಶಾಯಿ? ಅದ್ಯಾವ ಆಫೀಸಿಂದ್ರೀ?"

ನಮ್ಮಲ್ಲಿ ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡು ಮನೆಯ ಹಿಂದೆ ಓಡಿದಳು. ಚನಿಯಾರಜ್ಜಿ ತಲೆಯೆತ್ತಿ, "ಎಂತ ಬೇಕಂತೆ ಇವನಿಗೆ?" ಎಂದು ಕೇಳಿದಳು.

"ಹಾಳೆ ಹುಡುಕುದಂತೆ ಅಜ್ಜಿ."

"ಅಯ್ಯೋ ಪಾಪ. ಕಣ್ಣು ಕಾಣುದಿಲ್ವಾ?"

"ಒಳಗೆ ನೋಡಿ ಸರ್. ಬಡವರ ಮನೆ, ಅಡಗಿಸ್ಲಿಕ್ಕೆ ಜಾಗ ಉಂಟಾ?" ಎಂದಳು ಶೀಲಾವತಿ. ಯಮನಪ್ಪ ಅಕ್ಕಿ ಡಬ್ಬಿಯೊಳಗೆ ಕೈ ಹಾಕಿದ, ಸೀರೆ ತೊಟ್ಟಿಲು ಕೊಡವಿದ, ಚಾಪೆ ಎತ್ತಿದ. ರೇಶನ್ ಕಾರ್ಡು ಸಿಕ್ಕಿತು. ಕೊನೆಗೆ ಬಣ್ಣ ಮೆತ್ತಿದ ಒಂದು ಕಾಗದ ಹಿಡಿದು, ಟೋಪಿಗೆ ಜೇಡನ ಬಲೆ ಅಂಟಿಸಿಕೊಂಡು ಹೊರಗೆ ಬಂದ.

"ಇದೇನು?"

"ಆನೆ ಸರ್. ಭವಿತಾ ಮಾಡಿದ್ದು."

"ಸೊಂಡ್ಲ ಎಲ್ಲೈತಿ?"

"ಜಾಗ ಸಾಕಾಗ್ಲಿಲ್ಲ," ಎಂದಳು ಭವಿತಾ, ಮಣ್ಣಿ ಬಾಯಿಯಲ್ಲಿ.

ಬೆಲ್ಲ, ನೀರು ಕೊಟ್ಟೆವು. ಕುಡಿದು ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಧಣಿಗಳ ಜೀಪು ಕೆಳಗೆ ನಿಂತಿತು. ಬಿಳಿ ಪಂಚೆ ಎತ್ತಿ ಹಿಡಿದು ಧಣಿಗಳು ಮೇಲೆ ಬಂದರು.

"ಸಿಕ್ಕಿತಾ?"

"ಎಲ್ಲಿ ಸಿಗ್ತೈತ್ರೀ. ಈ ಮನ್ಯಾಗ ಕಾಗದ ಅಂದ್ರ ಒಂದು ರೇಶನ್ ಕಾರ್ಡು, ಒಂದು ಆನಿ."

"ಕಾಗದ ಯಾರ ಹೆಣಕ್ಕೆ? ಹಾಳೆ ಮಾರಾಯ್ರೆ, ಹಾಳೆ! ನಿಮ್ಮ ಕಾಲಿನ ಹತ್ರ ಉಂಟಲ್ಲ!"

ಯಮನಪ್ಪ ಕಾಲ ಬುಡ ನೋಡಿದ. ಕೂಸನ್ನು ನೋಡಿದ. ಹಳದಿ ಶಾಯಿಯನ್ನೂ ನೋಡಿದ. ಆಮೇಲೆ ರಮ್ಲತ್‌ಳನ್ನು ನೋಡಿದ. ಅವಳು ಆಕಾಶ ನೋಡುತ್ತಿದ್ದಳು.

"ಇದಾ? ಈ ಸಿಪ್ಪಿ ಸಲುವಾಗಿ ನಾ ಗುಡ್ಡ ಹತ್ತಿ ಬಂದ್ನಾ?"

"ಸಿಪ್ಪೆ ಅಲ್ಲ, ನನ್ನ ಮಾಲು. ಇವತ್ತು ಒಂದು ಬಿಟ್ರೆ ನಾಳೆ ಇವರು ತೋಟವೇ ಹೊತ್ತುಕೊಂಡು ಹೋಗ್ತಾರೆ." ಧಣಿಗಳು ಶೀಲಾವತಿಯ ಕಡೆ ತಿರುಗಿದರು. "ಪೊಲೀಸರ ಎದುರು ಹೇಳು. ನಾನು ಕಳ್ಳಿ ಅಂತ ಒಂದು ಮಾತು. ಕೇಸು ಬಿಡ್ತೇನೆ, ನಾಳೆ ಕೆಲಸಕ್ಕೂ ಬಾ. ಎರಡು ಮಕ್ಕಳು ಬೇರೆ ಉಂಟು ನಿಂಗೆ. ಬಾಯಿ ಬಿಟ್ರೆ ಸವೆಯುದಿಲ್ಲ."

ಶೀಲಾವತಿ ಬಟ್ಟಲಿನ ತಳದಲ್ಲಿ ಉಳಿದ ಮಣ್ಣಿಯನ್ನು ಬೆರಳಿನಲ್ಲಿ ಬಳಿದು ಮಗಳ ನಾಲಗೆಗೆ ಒರೆಸಿದಳು. ಅವಳು ಆ ಮಾತು ಹೇಳಿಬಿಡುತ್ತಾಳೆ ಎಂದುಕೊಂಡೆವು. ಹೇಳಿದ್ದರೆ ನಾವು ಯಾರೂ ಬೈಯುತ್ತಿರಲಿಲ್ಲ. ನಮ್ಮ ಮನೆಗಳಲ್ಲೂ ಬಟ್ಟಲಿಗೆ ತಳ ಇದೆ.

"ಹಾಳೆ ನಿಮ್ಮದೇ ಧಣಿಗಳೇ," ಎಂದಳು ಅವಳು. "ತೆಗೊಂಡು ಹೋಗಿ."

ಧಣಿಗಳು ಯಮನಪ್ಪನ ಕಡೆ ನೋಡಿದರು.

"ನಿಮ್ಮ ಮಾಲು. ನೀವ ತಗೋರಿ," ಎಂದು ಅವನು ಕೈ ಕಟ್ಟಿ ನಿಂತ.

ಧಣಿಗಳು ಬಗ್ಗಿ ಹಾಳೆಯ ಎರಡು ತುದಿ ಹಿಡಿದು ಎತ್ತಿದರು. ಕೂಸೂ ಎದ್ದು ಬಂತು. ಯಾರೂ ಅದನ್ನು ತೆಗೆದುಕೊಳ್ಳಲು ಕೈ ಚಾಚಲಿಲ್ಲ. ಮೇಲೆತ್ತಿದ ಕೂಡಲೇ ರಮ್ಲತ್ ಖಾಲಿಯಾದ ಕಲ್ಲಿನ ಮೇಲೆ ಹೊಗೆಯಾಡುವ ನೀರಿನ ಪಾತ್ರೆ ತಂದು ಕುಕ್ಕಿದಳು.

"ಮಗುವನ್ನು ತೆಗಿರಿ!"

"ಮೈಯೆಲ್ಲ ಎಣ್ಣೆ ಉಂಟು ಧಣಿ, ಜಾರ್ತದೆ," ಎಂದಳು ಚನಿಯಾರಜ್ಜಿ. "ಮೀಯಿಸಿ ಆಗ್ಲಿ."

"ಬೀಳಿಸ್ತೇನೆ ನೋಡಿ!"

"ಹುಷಾರ್ರೀ," ಎಂದ ಯಮನಪ್ಪ. "ಕೂಸು ಬಿತ್ತಂದ್ರ ಕೇಸು ಬ್ಯಾರೆ ಆಗ್ತೈತಿ. ನಾ ಇಲ್ಲೇ ನಿಂತೀನಿ."

ನೆನೆದ ಹಾಳೆ ನಡುವೆ ಬಾಗಿತು. ಧಣಿಗಳು ಬೆದರಿ ಎರಡೂ ತೋಳು ಬಿಗಿ ಮಾಡಿದರು. ಚನಿಯಾರಜ್ಜಿ ನಿಧಾನಕ್ಕೆ ಎದ್ದು, ಸೊಂಟ ನೆಟ್ಟಗೆ ಮಾಡಿ, ಚೊಂಬಿನಲ್ಲಿ ನೀರು ಹದ ನೋಡಿ ಹೊಯ್ಯತೊಡಗಿದಳು. ಯಾವ ಮಗುವನ್ನೂ ಅವಳು ಅಷ್ಟು ಹೊತ್ತು ಮೀಯಿಸಿದ್ದನ್ನು ನಾವು ನೋಡಿರಲಿಲ್ಲ. ಕಾಲು ನೀವಿದಳು, ಕೈ ನೀವಿದಳು, ಎಡಗಾಲನ್ನು ಬಲಗೈಗೆ ಮುಟ್ಟಿಸಿದಳು, ಮೂಗು ಚಿವುಟಿ ಚೂಪು ಮಾಡಿದಳು.

"ಸ್ವಲ್ಪ ಎತ್ತರ ಹಿಡಿರಿ ಧಣಿ. ನಂಗೆ ಬಗ್ಗಲಿಕ್ಕೆ ಆಗುದಿಲ್ಲ. ಹಾಂ. ಈಗ ಆ ಬದಿ ಓರೆ ಮಾಡಿ, ನೀರು ಹೋಗ್ಲಿ."

ನೀರು ಪಂಚೆಯ ಮೇಲೆ ಹೋಯಿತು. ಬೆಚ್ಚಗಾದ ಖುಷಿಗೆ ಕೂಸು ಮೇಲ್ಮುಖವಾಗಿ ಒಂದು ಸಣ್ಣ ಕಾರಂಜಿ ಹಾರಿಸಿತು. ಅದು ಧಣಿಗಳ ಅಂಗಿಯ ಜೇಬಿನವರೆಗೆ ಮುಟ್ಟಿತು.

"ನಾಳೆಯಿಂದ ನಿಮ್ಮಲ್ಲಿ ಒಬ್ಬಳಿಗೂ ಕೆಲಸ ಇಲ್ಲ! ಒಬ್ಬಳಿಗೂ! ಕೇಳ್ತಾ ಉಂಟಾ, ರಂಡೆಗಳೇ?"

"ಬೊಬ್ಬೆ ಹಾಕ್ಬೇಡಿ," ಎಂದಳು ಅಜ್ಜಿ. "ಮಗು ಹೆದರ್ತದೆ. ಅಲುಗಾಡಲೂ ಬೇಡಿ, ಸೋಪು ಕಣ್ಣಿಗೆ ಹೋಗ್ತದೆ."

ಕೇಳಿತ್ತು. ಎಲ್ಲರಿಗೂ ಸರಿಯಾಗಿ ಕೇಳಿತ್ತು. ಕೆಲವರು ಅಂಗಳದಿಂದ ಎದ್ದು ತಮ್ಮ ತಮ್ಮ ಮನೆಗಳ ಕಡೆ ಹೋದರು. ಧಣಿಗಳ ಮುಖಕ್ಕೆ ಸ್ವಲ್ಪ ಬಣ್ಣ ಬಂತು.

ಅಜ್ಜಿ ಕೊನೆಯ ಚೊಂಬು ಹೊಯ್ದಳು. ಶೀಲಾವತಿ ಹರಕು ಲುಂಗಿಯಲ್ಲಿ ಮಗುವನ್ನು ಸುತ್ತಿ ಎತ್ತಿಕೊಂಡಳು. ಅರೆಗಳಿಗೆ ಹಾಳೆ ಧಣಿಗಳ ಕೈಯಲ್ಲಿ ಖಾಲಿಯಾಗಿ ತೂಗಿತು. ಅವರು ಉಸಿರು ಬಿಟ್ಟು ತಿರುಗುವ ಮುಂಚೆ ರಮ್ಲತ್ ತನ್ನ ಬೆತ್ತಲೆ ಮಗಳನ್ನು ಅದರೊಳಗೆ ಮಲಗಿಸಿಬಿಟ್ಟಳು.

"ಗಟ್ಟಿ ಹಿಡಿರಿ ಧಣಿ. ಇದು ಸ್ವಲ್ಪ ಕೊಣಿತದೆ."

ಮನೆಗೆ ಹೋಗಿದ್ದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಕಾಲನಿಯ ದಾರಿಯುದ್ದಕ್ಕೂ, ಕಂಕುಳಲ್ಲಿ ಕೊಸರುವ ಮಕ್ಕಳ ಅಂಗಿ ಬಿಚ್ಚುತ್ತಾ ಹೆಂಗಸರು ಇಳಿದು ಬರುತ್ತಿದ್ದರು.