ಗಾಳಿ ಬರ್ತಿಲ್ಲ ಅಂದವರು

ಎರಡು ದೂರದ ಊರುಗಳ ನಡುವೆ ಹದಿನಾರು ಗಂಟೆ ಓಡುವ ಎ.ಸಿ. ಎಕ್ಸ್‌ಪ್ರೆಸ್‌ನಲ್ಲಿ ನಾನು ಮೆಕ್ಯಾನಿಕ್. ಒಂದೇ ಬೋಗಿಯಲ್ಲಿ ಒಬ್ಬರಿಗೆ ಚಳಿ, ಪಕ್ಕದವರಿಗೆ ಸೆಕೆ. ಎಲ್ಲರ ಮಾತು ಕೇಳುತ್ತ ಕೂತರೆ ತಲೆ ಕೆಡುವುದೊಂದು ಬಾಕಿ. ಅದಕ್ಕೇ ಒಂದು ಉಪಾಯ ಕಲಿತಿದ್ದೆ. ಯಾರಾದರೂ ದೂರಿದರೆ ಬಾಗಿಲ ಪಕ್ಕದ ಸ್ವಿಚ್ಚಿನ ಪೆಟ್ಟಿಗೆ ತೆರೆದು, ಏನನ್ನೂ ಮುಟ್ಟದೆ, ಸದ್ದಾಗುವಂತೆ ಮುಚ್ಚಿ, "ಈಗ ಹೇಗಿದೆ?" ಅಂತ ಕೇಳುವುದು. ಹತ್ತರಲ್ಲಿ ಒಂಬತ್ತು ಮಂದಿ "ಆಹಾ, ಈಗ ಸರಿಯಾಯ್ತು ನೋಡಿ" ಅನ್ನುತ್ತಿದ್ದರು. ನಾನು ಮೀಸೆಯೊಳಗೇ ನಗುತ್ತಿದ್ದೆ.

ಅವತ್ತು ಮಧ್ಯಾಹ್ನ ನರೆಗೂದಲಿನ ಹೆಂಗಸೊಬ್ಬರು ಬಂದರು. "ನೋಡಪ್ಪಾ, ನಮ್ಮ ಯಜಮಾನ್ರಿಗೆ ಉಸಿರು ಕಟ್ಟಿದ ಹಾಗಾಗ್ತಿದೆಯಂತೆ. ಗಾಳಿನೇ ಬರ್ತಿಲ್ಲ ಅಂತಾರೆ."

ನಾನು ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದೆ. ಎದ್ದು ಪೆಟ್ಟಿಗೆ ತೆರೆದೆ, ಟಪ್ಪಂತ ಮುಚ್ಚಿದೆ.

"ಸರಿ ಮಾಡಿದೀನಿ, ಹೋಗಿ ಅಮ್ಮಾ."

"ನಿನ್ನ ಹೊಟ್ಟೆ ತಣ್ಣಗಿರಲಿ," ಅಂದು ಹೋದರು.

ಅರ್ಧ ಗಂಟೆಗೆ ಮತ್ತೆ ಬಂದು ಸಂಕೋಚದಿಂದ ನಿಂತರು. "ಸರಿ ಮಾಡಿದಾರೆ ಅಂತ ಎಷ್ಟು ಹೇಳಿದ್ರೂ ಇವರು ಕೇಳ್ತಾನೇ ಇಲ್ಲ. ಒಂದ್ಸಲ ನೀನೇ ಬಂದು ಹೇಳಪ್ಪಾ."

ಅವರ ಹಿಂದೆಯೇ ಹೋದೆ. ಬೋಗಿಯ ಆ ತುದಿಯ ಕೆಲವರು ಆಗಷ್ಟೇ ಎದ್ದು ಬಾಗಿಲ ಬಳಿ ಗಾಳಿಗೆ ನಿಂತಿದ್ದರು. ಯಜಮಾನರಿಗೆ ಏಳುವ ತ್ರಾಣವಿರಲಿಲ್ಲ. ಅಂಗಿ ಬೆವರಿಗೆ ಮೈಗಂಟಿತ್ತು. ಮೇಲಿನ ಕಿಂಡಿಗೆ ಕೈಯೊಡ್ಡಿದೆ. ಗಾಳಿಯ ಸುಳಿವೇ ಇಲ್ಲ. ಓಡಿಹೋಗಿ ಉಪಕರಣಗಳನ್ನು ತಂದೆ.

ಆ ತುದಿಯ ಮೋಟಾರಿನ ತಂತಿ ಕಳಚಿತ್ತು. ಹತ್ತೇ ನಿಮಿಷದ ಕೆಲಸ. ತಣ್ಣನೆ ಗಾಳಿ ಬಂದಾಗ ಅವರು ಕಣ್ಣು ಬಿಟ್ಟು ನೀರು ಕೇಳಿದರು. ಆ ಅಮ್ಮ ಅಕ್ಕಪಕ್ಕದವರಿಗೆ, "ಪಾಪ, ಊಟ ಬಿಟ್ಟು ಎರಡೆರಡು ಸಲ ರಿಪೇರಿ ಮಾಡಿದ ಪುಣ್ಯಾತ್ಮ," ಅನ್ನತೊಡಗಿದರು.

ತಡೆಯಲಾಗಲಿಲ್ಲ. "ಮೊದಲ ಸಲ ನಾನೇನೂ ಮಾಡ್ಲಿಲ್ಲ ಅಮ್ಮಾ. ಸುಮ್ನೆ ಪೆಟ್ಟಿಗೆ ತೆಗೆದು ಮುಚ್ಚಿದ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗಂಡನ ಕಡೆ ತಿರುಗಿ, "ವಯಸ್ಸಾದ ಮೇಲೆ ನಿಮ್ಮದು ಬರೀ ತಕರಾರು ಅಂತ ಇಷ್ಟು ಜನರ ಮುಂದೆ ಗದರಿಬಿಟ್ಟೆನಲ್ಲ ರೀ," ಅಂದರು.

"ಬಿಡೇ," ಅಂದರು ಅವರು.

ನನ್ನ ತಪ್ಪಿಗೆ ಆಕೆ ತಲೆ ತಗ್ಗಿಸಿ ಕೂತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕೊನೆಯ ನಿಲ್ದಾಣದಲ್ಲಿ ಯಜಮಾನರು ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದರು. ತಪ್ಪಾಯ್ತು ಅನ್ನಬೇಕೆಂದುಕೊಂಡವನು ಅವರ ಚೀಲ ಎತ್ತಿಕೊಂಡು ಇಳಿದೆ, ಅಷ್ಟೇ. ಆಕೆ ನನ್ನ ಕೈಯಿಂದ ಚೀಲ ತೆಗೆದುಕೊಂಡರು, ಮುಖ ನೋಡಲಿಲ್ಲ. ಪ್ಲಾಟ್‌ಫಾರಂ ಉದ್ದಕ್ಕೂ ಗಂಡನ ತೋಳು ಹಿಡಿದು ನಿಧಾನಕ್ಕೆ ನಡೆದುಹೋದರು.